ಅವ್ವನ ಎಣ್ಣೆ ಕ್ಯಾನು

ಮೊಬೈಲು ರಿಪೇರಿ ಅಂಗಡಿಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಸುಗೆ ಹಾಕುವಾಗ ಏಳುವ ಆ ಕಮಟು ಹೊಗೆ ಮೂಗಿಗೆ ಬಡಿದರೆ ಸಾಕು, ಪಾಂಡವಪುರದ ನಮ್ಮ ಹಿತ್ತಿಲು ಕಣ್ಣ ಮುಂದೆ ಬರುತ್ತದೆ: ಶೀಟು ಹೊದಿಸಿದ ಅಪ್ಪನ ವರ್ಕ್‌ಶಾಪು, ಕಬ್ಬಿಣ ಕಡೆಯುವ ಹಳೆಯ ಲೇತು, ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆ, ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಎಣ್ಣೆ ಕ್ಯಾನುಗಳು. ಹೆಬ್ಬೆರಳಲ್ಲಿ ಒತ್ತಿದರೆ ಉದ್ದನೆಯ ಮೂತಿಯಿಂದ ಎಣ್ಣೆ ಚಿಮ್ಮುವ ಕೈಪಂಪಿನ ಕ್ಯಾನುಗಳವು. ನೀವೂ ನೋಡಿರುತ್ತೀರಿ, ಈಗ ಮರೆತಿರುತ್ತೀರಿ. ನನಗೆ ಮರೆಯುವ ಭಾಗ್ಯ ಇಲ್ಲ.

ತೊಂಬತ್ತರ ದಶಕದ ಆ ದಿನಗಳಲ್ಲಿ ಕ್ಯಾನು ಆರಿಸಲೆಂದೇ ಅಪ್ಪ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದ, ನನ್ನನ್ನೂ ಕರೆದುಕೊಂಡು. ಅಂಗಡಿಯಲ್ಲಿ ಒಂದೊಂದಕ್ಕೂ ನೀರು ತುಂಬಿಸಿ, ಒತ್ತಿ, ಮೂತಿಯ ಬುಡದಲ್ಲಿ ಪಸೆ ಜಿನುಗುತ್ತದೋ ಎಂದು ಬೆರಳಾಡಿಸುತ್ತಿದ್ದ. ಹತ್ತು ನೋಡಿ ಎರಡು ಆರಿಸಿದರೆ ಹೆಚ್ಚು. “ಏನ್ ಗೌಡ್ರೆ, ಮದ್ವೆಗೆ ಎಣ್ಣು ನೋಡಕ್ ಬಂದಂಗೆ ನೋಡ್ತೀರಲ್ಲ!” ಎಂದು ಅಂಗಡಿಯ ಸಾಬರು ನಗುತ್ತಿದ್ದರು. ಅಷ್ಟು ಆರಿಸಿ ತಂದದ್ದನ್ನೂ ಹಾಗೇ ಬಳಸುತ್ತಿರಲಿಲ್ಲ. ಮೂತಿ ಮುರಿಯುವುದು ಬುಡದಲ್ಲೇ ಎಂದು ಅಲ್ಲಿಗೊಂದು ಹಿತ್ತಾಳೆಯ ವಾಷರು ಕೂರಿಸಿ, ಮೇಲೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿ, ಬೆಸುಗೆ ಹರಿಸಿ ಗಟ್ಟಿ ಮಾಡುತ್ತಿದ್ದ. ಚಿನಕುರಳಿಯ ಆಲೆಮನೆಯವರು, ನಾಗಮಂಗಲ ಕಡೆಯ ಪಂಪ್‌ಸೆಟ್ಟಿನವರು ತಮ್ಮ ಕ್ಯಾನುಗಳನ್ನೂ ತಂದುಕೊಡುತ್ತಿದ್ದರು. ಗೌಡರ ಬೆಸುಗೆ ಬಿಡುವುದೇ ಇಲ್ಲ ಎಂದು ನಾಲ್ಕು ಜನ ಹೇಳಿದರೆ ಅಪ್ಪನಿಗೆ ಊಟ ಬೇಡ, ನಿದ್ದೆ ಬೇಡ.

ಲೇತಿನ ಗಿಯರಿಗೆ ಎಣ್ಣೆ ಬಿಡುತ್ತಿದ್ದವಳು ಅವ್ವ. ಅವಳ ಕೈಗೆ ಬಂದದ್ದು ಮಾತ್ರ ಬೆಸುಗೆ ಕಾಣದ ಹಳೆಯ ಕ್ಯಾನು. “ಇದ್ರ ಮೂತಿ ಅಳ್ಳಾಡ್ತದೆ, ಒಸಿ ಬೆಸ್ಗೆ ಆಕ್ಕೊಡಿ,” ಎಂದು ಎಷ್ಟು ಸಲ ಕೇಳಿದಳೋ. “ಮನೇದ್ ತಾನೆ, ಆಮೇಲ್ ಮಾಡಣ ಬುಡಮ್ಮಿ. ಬಂದೋರು ಕಾಯ್ತಾವ್ರೆ,” ಎನ್ನುತ್ತಿದ್ದ ಅಪ್ಪ. ಬಂದವರಿಗೆ ಮೊದಲು, ಮನೆಯವರಿಗೆ ಕೊನೆಗೆ ಎಂಬುದು ನಮ್ಮ ಮನೆಯ ಪದ್ಧತಿ. ಅವ್ವ ಉಣ್ಣುತ್ತಿದ್ದದ್ದೂ ಹಾಗೆಯೇ. ಪದೇ ಪದೇ ತೆಗೆಯಬೇಕಲ್ಲ ಎಂದು ಗಿಯರಿನ ಮುಚ್ಚಳವನ್ನು ಬಿಚ್ಚಿ ಮೂಲೆಗೆ ಹಾಕಿದವನು ಅಪ್ಪ. ಲೇತು ಓಡುವಾಗಲೇ ಎಣ್ಣೆ ಬಿಡಬೇಕೆಂದು ಕಲಿಸಿದವನೂ ಅವನೇ. ಒಂದು ಬೆಳಿಗ್ಗೆ ಅವ್ವ ಒತ್ತುತ್ತಿದ್ದಂತೆ ಮೂತಿ ಬುಡದಿಂದ ಕಿತ್ತುಬಂತು. ಅದನ್ನು ಹಿಡಿಯಲು ಹೋದ ಬಲಗೈಯ ಎರಡು ಬೆರಳು ಗಿಯರಿನ ಹಲ್ಲಿಗೆ ಸಿಕ್ಕಿ ತುಂಡಾದವು. ಆಸ್ಪತ್ರೆಗೆ ನೋಡಲು ಬಂದ ನೆಂಟರ ಮುಂದೆ ಅಪ್ಪ ಹೇಳಿದ್ದು ಇಷ್ಟೇ: “ಓಡೋ ಮಿಸನ್ಗೆ ಕೈ ಕೊಟ್ಟವ್ಳೆ, ನಾನೇನ್ ಮಾಡ್ಲಿ?” ನಾನು ಮಂಚದ ಪಕ್ಕದಲ್ಲೇ ಇದ್ದೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವ್ವ ಗೋಡೆಯ ಕಡೆ ತಿರುಗಿಕೊಂಡಳು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟಿದೆಯೋ, ನನ್ನ ಮೇಲೂ ಈಗಲೂ ಅಷ್ಟೇ ಇದೆ.

ಅವ್ವ ಮನೆಗೆ ಬಂದ ಮೇಲೆ ಅಪ್ಪ ಬೇರೆಯವರ ಕೆಲಸವನ್ನೆಲ್ಲ ಬದಿಗಿಟ್ಟು ಆ ಕ್ಯಾನನ್ನು ಕೈಗೆತ್ತಿಕೊಂಡ. ಎರಡು ವಾಷರು, ಎರಡು ಪಟ್ಟು ತಂತಿ. ಅಷ್ಟು ಮುತುವರ್ಜಿಯಿಂದ ಅವನು ಯಾರದಕ್ಕೂ ಬೆಸುಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅಡುಗೆಮನೆ ಬಾಗಿಲಿಗೆ ತಂದು ಚಾಚಿದ. ಅವ್ವ ಎಡಗೈಯಲ್ಲಿ ಮುದ್ದೆ ತೊಳಸಲು ಹೆಣಗುತ್ತಿದ್ದಳು. ತಿರುಗಿ ನೋಡಿ, “ಚೆಂದಾಗಾಗದೆ. ಬಂದೋರ್‌ಗೆ ಕೊಟ್ಬುಡಿ,” ಎಂದಳು.

ಅಪ್ಪ ಯಾರಿಗೂ ಕೊಡಲಿಲ್ಲ. ಮೊಳೆಗೆ ನೇತುಹಾಕಿದ, ಅವ್ವ ಸಾಯುವವರೆಗೂ ಅದು ಅಲ್ಲೇ ಇತ್ತು, ಅಪ್ಪ ಸಾಯುವವರೆಗೂ ಇತ್ತು. ಈಗ ಹಿತ್ತಿಲಿಲ್ಲ, ಲೇತನ್ನು ಗುಜರಿಯವನು ತೂಕಕ್ಕೆ ಒಯ್ದ. ಕ್ಯಾನು ನನ್ನ ಬಳಿ ಉಳಿದಿದೆ. ಮೊನ್ನೆ ಅದಕ್ಕೆ ನೀರು ತುಂಬಿಸಿ, ಒತ್ತಿ, ಅಪ್ಪನಂತೆಯೇ ಮೂತಿಯ ಬುಡಕ್ಕೆ ಬೆರಳಾಡಿಸಿ ನೋಡಿದೆ. ಒಂದು ಹನಿಯೂ ಜಿನುಗಲಿಲ್ಲ.