ಎರಡು ಹಗ್ಗಗಳ ನಡುವಿನ ಕೋನ

ಮೊನ್ನೆ ರಾಯಬಾಗಕ್ಕೆ ಹೊರಟಿದ್ದ ನಮ್ಮ ಬಸ್ಸು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಅಕಾಲದ ಮಳೆಗೆ ಕಬ್ಬಿನ ಟ್ರಾಲಿಯೊಂದು ಹಸಿ ಮಣ್ಣಿಗೆ ಜಾರಿ ರಸ್ತೆಗೆ ಅಡ್ಡವಾಗಿತ್ತು. ಎರಡು ಟ್ರ್ಯಾಕ್ಟರುಗಳು ಅದನ್ನು ಎಡಕ್ಕೊಂದು, ಬಲಕ್ಕೊಂದು ಎಳೆಯುತ್ತಿದ್ದವು. ಕಿಟಕಿಯಿಂದ ನೆನೆದ ಹಗ್ಗದ ವಾಸನೆ ಬಂತು. ಆ ವಾಸನೆಗೆ ನನ್ನ ತವರಿನ ಎದುರುಮನೆಯ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ನೆನಪಾದರು…

ಕಾಕು ಕಾಗವಾಡದ ಮಗಳು, ನಮ್ಮ ಬೇಡಕಿಹಾಳದ ಸೊಸೆ. ಮದುವೆಗೆ ಮುಂಚೆ ಬಿಎಸ್ಸಿ ಓದಿದ್ದರು. ಕಾಲೇಜಿನಲ್ಲಿ ಸದಿಶಗಳ, ಅಂದರೆ ವೆಕ್ಟರುಗಳ, ಸಂಕಲನ ನನಗೆ ಕಬ್ಬಿಣದ ಕಡಲೆಯಾದಾಗ, ಅವರು ಜೋಳದ ಚೀಲವೊಂದಕ್ಕೆ ಎರಡು ಹಗ್ಗ ಕಟ್ಟಿ ನನಗೂ ನನ್ನ ತಂಗಿಗೂ ಒಂದೊಂದು ತುದಿ ಕೊಟ್ಟರು. ಒತ್ತಟ್ಟಿಗೆ ನಿಂತು ಎಳೆದರೆ ಚೀಲ ಸರಾಗವಾಗಿ ಬಂತು. ದೂರ ಸರಿದು ಕೋನ ಹಿಗ್ಗಿಸಿದಷ್ಟೂ ಭಾರವಾಯಿತು. ಎದುರುಬದುರು ನಿಂತಾಗ ಇದ್ದಲ್ಲೇ ಕುಳಿತಿತು. ಫಲಿತ ಸೊನ್ನೆ ಎಂದೆ, ಎಲ್ಲ ತಿಳಿದವಳಂತೆ.

"ಸೊನ್ನಿ ಖರೇ. ಹಗ್ಗದ ಮ್ಯಾಲ ಕೈ ಇಟ್ಟು ನೋಡು," ಎಂದರು ಕಾಕು.

ಇಟ್ಟೆ. ಹಗ್ಗ ಬಿಗಿದು ನಡುಗುತ್ತಿತ್ತು.

ಆಗ ತವರಿನಲ್ಲಿ ಕಾಕುವಿನ ತಾಯಿ ಹಾಸಿಗೆ ಹಿಡಿದಿದ್ದರು, ಇಲ್ಲಿ ಅತ್ತೆ. ಕಾಕು ಅಲ್ಲಿಗೆ ಹೋದರೆ ಅತ್ತೆಯ ಮುನಿಸು, ಇಲ್ಲಿದ್ದರೆ ತಾಯಿಯ ಕಣ್ಣೀರು. ಕೊನೆಗೆ ಅತ್ತೆಯನ್ನು ಹೇಗೋ ಒಪ್ಪಿಸಿ, ಪಡಸಾಲೆಯಲ್ಲಿ ಅವರ ಮಂಚದ ಪಕ್ಕ ತಾಯಿಗೂ ಒಂದು ಮಂಚ ಹಾಕಿದರು.

"ಕೋನ ಸಣ್ಣದ ಮಾಡಾಕತ್ತೇನಿ," ಎಂದು ನಕ್ಕರು. ಅವರ ನಗು ಅಪರೂಪ.

ಒಪ್ಪದೆ ಹೋದವರು ತಾಯಿಯೇ. ಕೊಟ್ಟ ಮಗಳ ಮನೆಯಲ್ಲಿ ನೀರೂ ಮುಟ್ಟಬಾರದೆನ್ನುವ ಹಳೆಯ ಜೀವ. ಕರೆತರಲು ಹೋದ ಜೀಪು ಖಾಲಿ ಮರಳಿತು. ಕಾಕು ಆ ಮಂಚದ ಮೇಲೆ ಒಣಗಿದ ಬಟ್ಟೆ ಮಡಚಿಡತೊಡಗಿದರು, ಕಾಗವಾಡಕ್ಕೆ ಅವರ ಬಸ್ಸಿನ ಓಡಾಟ ಮತ್ತೆ ಶುರುವಾಯಿತು… ಇಬ್ಬರು ಹಿರಿಯರೂ ಹೋದ ಮೇಲೆ ಕಾಕು ಬಹಳ ಕಾಲ ಉಳಿಯಲಿಲ್ಲ. ಅಷ್ಟು ಓದಿ ಏನೂ ಮಾಡಲಿಲ್ಲ ಎಂದರು ಅವರಿಗೆ ಮಣ್ಣು ಕೊಡಲು ಬಂದ ಜನ. ನನಗೆ ಸಿಟ್ಟು ಬಂತು. ಅವರಾರೂ ಹಗ್ಗ ಮುಟ್ಟಿ ನೋಡಿದವರಲ್ಲ.

ಮೊನ್ನೆ ಯಾರೋ ಹೇಳಿ ಟ್ರ್ಯಾಕ್ಟರುಗಳನ್ನು ಹತ್ತಿರ ತರಿಸಿದರು, ಟ್ರಾಲಿ ದಾರಿಗೆ ಬಂತು. ನಾನೂ ಈಗ ಚಿಕ್ಕೋಡಿಯ ಅತ್ತೆಗೂ ರಾಯಬಾಗದಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೂ ನಡುವೆ ಓಡಾಡುವವಳು. ದಣಿದಿದ್ದೇನೆ. ಬಸ್ಸಿನಿಂದಲೇ ಅವ್ವನಿಗೆ ಫೋನ್ ಮಾಡಿ, ನಮ್ಮಲ್ಲೇ ಬಂದು ಇರು ಎಂದು ಮತ್ತೊಮ್ಮೆ ಕೇಳಿದೆ.

"ಮಗಳ ಮನ್ಯಾಗ ಎಷ್ಟ ದಿನಾ ಇರಾಕ ಬರ್ತೈತಿ, ಯವ್ವಾ," ಎಂದಳು.

ಇದನ್ನು ಹೇಳಿಕೊಳ್ಳಲು ಕಾಕು ಇಲ್ಲವಲ್ಲ ಎಂದು ಅಳು ಬಂತು. ಫೋನ್ ಇಡುವಷ್ಟರಲ್ಲಿ ಅತ್ತೆಯ ಕರೆ ಬಂತು.