ಪ್ರಶ್ನೆಗಳ ಪರಿಚಯಸ್ಥೆ

ಅವಳು ಹೇಡಿ. ದಡ್ಡಿಯಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ, ಹೇಡಿ. ಹೇಡಿಗಳೆಲ್ಲ ಬೆನ್ನು ತೋರಿಸಿ ಓಡುತ್ತಾರೆಂದು ತಿಳಿಯಬಾರದು. ಕೆಲವರು ಎದುರಿಗೇ ಕುಳಿತು, ಪೆನ್ಸಿಲ್ ಚೂಪು ಮಾಡುತ್ತ, ಗೆರೆ ಎಳೆಯುತ್ತ, ಸಿದ್ಧತೆ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಓಡುತ್ತಿರುತ್ತಾರೆ. ಅವಳು ಆ ಪಂಗಡದವಳು.

ಹನ್ನೊಂದು ವರ್ಷದ ಹಿಂದೆ ಅವಳು ಬೇರೊಂದು ದೇಶದಲ್ಲಿ ವೈದ್ಯಕೀಯ ಓದಿ ಮುಗಿಸಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಆ ಪದವಿ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದಕ್ಕಷ್ಟೇ ಸರಿಯಾಯಿತು. ಇಲ್ಲಿ ರೋಗಿಗೆ ಔಷಧಿ ಬರೆಯಬೇಕಾದರೆ ಇಲ್ಲಿಯ ಪರವಾನಗಿ ಪರೀಕ್ಷೆ ಪಾಸಾಗಬೇಕು: ಒಂದೇ ದಿನ, ಏಳು ಗಂಟೆ, ಇನ್ನೂರೆಂಬತ್ತು ಪ್ರಶ್ನೆ. ಮೂರು ಅವಕಾಶ, ನಾಲ್ಕನೆಯದಿಲ್ಲ. ಮೊದಲ ಸಲ ಆರು ಅಂಕದಲ್ಲಿ ಸೋತಳು. ಎರಡನೆಯ ಸಲ ಕೂರಲೇ ಇಲ್ಲ. ದಿನಾಂಕವನ್ನು ಮುಂದೂಡುತ್ತ ಮುಂದೂಡುತ್ತ ನೋಂದಣಿಯ ಅವಧಿಯೇ ಮುಗಿದು, ಬರೆಯದ ಪರೀಕ್ಷೆ ಬರೆದು ಸೋತ ಲೆಕ್ಕಕ್ಕೆ ಸೇರಿತು. ಉಳಿದದ್ದು ಒಂದು. ಅದೂ ಹೋದರೆ ಈಗಿನ ಕೆಲಸವೇ ಕೊನೆಯತನಕ: ರಕ್ತಪರೀಕ್ಷೆಯ ಲ್ಯಾಬಿನ ಕಿಟಕಿಯಿಲ್ಲದ ಕೋಣೆಯಲ್ಲಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, ನೇರಳೆ ಮುಚ್ಚಳದ ಸೀಸೆಗೆ ಇಷ್ಟು, ಹಳದಿ ಮುಚ್ಚಳದ ಸೀಸೆಗೆ ಇಷ್ಟು ಎಂದು ರಕ್ತ ತೆಗೆದು, ಚೀಟಿ ಅಂಟಿಸಿ, ಇನ್ನೊಬ್ಬ ಡಾಕ್ಟರ ಸಹಿಗೆ ಕಳಿಸುವುದು.

ಮನೆಯೆಂದರೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಕೆಳಗಿನ ಹಬೆ ಬೆಳಗಿನಿಂದಲೇ ನೆಲವನ್ನು ಬೆಚ್ಚಗೆ ಮಾಡುತ್ತಿತ್ತು. ಅಡುಗೆಕೋಣೆಯ ಗೋಡೆಯ ಮೇಲೆ ಅವಳ ಕೋಷ್ಟಕಗಳು ಒಂದರ ಮೇಲೊಂದು ಅಂಟಿಕೊಂಡು ದಪ್ಪಗಾಗಿದ್ದವು. ಹಳೆಯದನ್ನು ಕೀಳುವ ಧೈರ್ಯವೂ ಇರಲಿಲ್ಲ. ಅವಳ ಗಂಡ ನಗರದ ಬಸ್ಸು ಓಡಿಸುವವನು, ಮಾತು ಕಡಿಮೆ, ಆಡಿದರೆ ಬಸ್ಸಿನ ಮಾತೇ. ಇಂಜಿನ್ನು ಡಿಪೋದಲ್ಲೇ ಓಡ್ತಾ ಇದ್ರೆ ಡೀಸೆಲ್ ಖಾಲಿಯಾಗುತ್ತೆ, ಸ್ಟಾಪು ಬರಲ್ಲ ಅಂತ ಒಮ್ಮೆ ಹೇಳಿ, ಅವಳ ಮುಖ ನೋಡಿ, ಮತ್ತೆ ಆ ಸುದ್ದಿಗೆ ಹೋಗಿರಲಿಲ್ಲ. ಅತ್ತೆ ಹಾಗಲ್ಲ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ತಪ್ಪು ಕಂಡರೆ ಗುರುತು ಹಾಕದೆ ಬಿಟ್ಟು ಗೊತ್ತಿಲ್ಲ. ಸೊಸೆಗೆ ಅವರಿಟ್ಟ ಹೆಸರು ಟೈಮ್‌ಟೇಬಲ್ಲು. "ನಮ್ಮ ಟೈಮ್‌ಟೇಬಲ್ಲು ಎದ್ದಿದೆಯಾ?" ಎಂದೇ ಬೆಳಿಗ್ಗೆ ಮಗನನ್ನು ಕೇಳುವರು. ಪರೀಕ್ಷೆಗೆ ಓದುವುದು ಬೇರೆ, ಪರೀಕ್ಷೆಗೆ ಓದುವುದು ಹೇಗೆ ಅಂತ ಓದುವುದು ಬೇರೆ ಎಂಬುದು ಅವರ ಸಿದ್ಧಾಂತ.

ಅವರ ಮಾತಿನಲ್ಲಿ ಹುರುಳಿತ್ತು. ಅಭ್ಯಾಸಕ್ಕೆಂದು ಪ್ರಶ್ನೆಗಳ ಬ್ಯಾಂಕುಗಳು ಸಿಗುತ್ತವೆ: ಸಾವಿರಗಟ್ಟಲೆ ಪ್ರಶ್ನೆಗಳನ್ನು ಉತ್ತರ, ವಿವರಣೆ ಸಮೇತ ಕಂಪ್ಯೂಟರಿನಲ್ಲಿ ತುಂಬಿಟ್ಟ ಕಣಜಗಳು. ಅವಳ ಬಳಿ ಅಂಥವು ಎರಡಿದ್ದವು. ಸಣ್ಣದರಲ್ಲಿ ಪ್ರಶ್ನೆಗಳು ಎರಡೆರಡೇ ಸಾಲು. ಪಾಠ ಓದುತ್ತ ಜೊತೆಜೊತೆಗೆ ಮಾಡಲು ತಕ್ಕದ್ದು. ದೊಡ್ಡದರಲ್ಲಿ ಎರಡೂವರೆ ಸಾವಿರ. ಒಂದೊಂದೂ ಒಬ್ಬ ರೋಗಿಯ ಪುಟ್ಟ ಚರಿತ್ರೆ, ನಿಜವಾದ ಪರೀಕ್ಷೆಯ ಒಡಹುಟ್ಟು. ಇವಲ್ಲದೆ ಒಂದು ಅಣಕು ಪರೀಕ್ಷೆ, ಒಬ್ಬರಿಗೆ ಒಂದೇ ಸಲ ತೆರೆಯುವಂಥದು. ದೊಡ್ಡ ಬ್ಯಾಂಕನ್ನು ಕೊನೆಯ ಮೂರು ತಿಂಗಳಿಗೆ ಇಟ್ಟುಕೊಳ್ಳಬೇಕು, ಎಲ್ಲ ವಿಷಯ ಬೆರೆಸಿ, ಗಡಿಯಾರ ಹಚ್ಚಿ, ಗಂಟೆಗೆ ನಲವತ್ತರಂತೆ ಮಾಡಬೇಕು ಎಂದು ಪಾಸಾದವರೆಲ್ಲ ಹೇಳುತ್ತಾರೆ. ಅವಳಿಗೂ ಗೊತ್ತಿತ್ತು. ಆದರೆ ಒಳ್ಳೆಯದು ಕೈಯಲ್ಲಿರುವಾಗ ತಡೆಯುವುದು ಅವಳಿಂದಾಗಲಿಲ್ಲ. ಹದಿನಾಲ್ಕು ತಿಂಗಳು ಮುಂಚೆಯೇ ತೆರೆದಳು. ಅದೂ ಗಡಿಯಾರವಿಲ್ಲದೆ, ವಿಷಯವಾರು: ಒಂದು ವಾರ ಹೃದಯ, ಒಂದು ವಾರ ಮೂತ್ರಪಿಂಡ. ಮೂತ್ರಪಿಂಡದ ವಾರದಲ್ಲಿ ಕಾಯಿಲೆ ಮೂತ್ರಪಿಂಡದ್ದೇ ಎಂದು ಹೇಳಲು ಡಾಕ್ಟರಾಗಬೇಕಿಲ್ಲ. ವಿವರಣೆಗಳನ್ನು ನಾಲ್ಕು ಬಣ್ಣದ ಪೆನ್ನಿನಲ್ಲಿ ಒಂಬತ್ತು ನೋಟುಪುಸ್ತಕಕ್ಕೆ ಇಳಿಸಿದಳು. ಮೊದಲ ಸುತ್ತಿನಲ್ಲಿ ನೂರಕ್ಕೆ ಐವತ್ತಾರು ಸರಿ. ಎರಡನೆಯ ಸುತ್ತಿನಲ್ಲಿ ಎಪ್ಪತ್ತೊಂಬತ್ತು. ಮೂರನೆಯದರಲ್ಲಿ ಎಂಬತ್ತೇಳು. ಗಂಡ ಆ ದಿನ ಡಿಪೋದಲ್ಲಿ ಎಲ್ಲರಿಗೂ ಚಹಾ ಕೊಡಿಸಿದ.

ಅವಳಿಗೆ ಮಾತ್ರ ಎಂಬತ್ತೇಳರ ಮೇಲೆ ಕೂತರೂ ಮುಳ್ಳಿನ ಮೇಲೆ ಕೂತಂತೆ. ಸೂಜಿ ಹಿಡಿದಾಗ ಕೈ ನಿಶ್ಚಲ; ಸೂಜಿ ಕೆಳಗಿಟ್ಟ ಕೂಡಲೇ ಕಾಲು ತಾನಾಗಿ ಕುಣಿಯಲು ತೊಡಗುವುದು. ಎದ್ದು ಕಿಟಕಿಗೆ ಹೋಗುವಳು, ಕಿಟಕಿಯಿಂದ ಒಲೆಗೆ, ಒಲೆಯಿಂದ ಕೋಷ್ಟಕಕ್ಕೆ. ಅಣಕು ಪರೀಕ್ಷೆಗೆ ನಿಗದಿ ಮಾಡಿದ ಭಾನುವಾರಗಳು ಒಂದಾದ ಮೇಲೊಂದು ಬಂದವು. ಒಂದರಂದು ತಲೆನೋವು, ಒಂದರಂದು ಇನ್ನೂ ಚರ್ಮರೋಗ ಬಾಕಿ. ಒಂದೇ ಸಲ ತೆರೆಯುವ ಪೆಟ್ಟಿಗೆಯನ್ನು ತೆರೆದುಬಿಟ್ಟರೆ ಆಮೇಲೆ ತೆರೆಯಲು ಏನಿರುತ್ತದೆ?

ಪರೀಕ್ಷೆಗೆ ಮೂರು ವಾರವಿತ್ತು. ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ ಅವಳ ಎದುರಿಗೆ ಕೂರುತ್ತಿದ್ದವಳು ಅದೇ ಪರೀಕ್ಷೆಗೆ ಓದುತ್ತಿದ್ದ ಇನ್ನೊಬ್ಬ ಹೆಣ್ಣುಮಗಳು, ಇವಳಿಗಿಂತ ಹತ್ತು ವರ್ಷ ಚಿಕ್ಕವಳು. ಕುಳ್ಳಗೆ, ಕಪ್ಪಗೆ, ಕಚ್ಚಿದರೆ ಖಾರ. ಇವಳು ಮನಸ್ಸಿನಲ್ಲೇ ಗುಂಡುಮೆಣಸು ಎಂದು ಕರೆಯುತ್ತಿದ್ದಳು. ಗುಂಡುಮೆಣಸಿನದು ಆ ದೊಡ್ಡ ಬ್ಯಾಂಕೊಂದೇ, ಅದರಲ್ಲೂ ಸಾವಿರದ ಇನ್ನೂರು ಪ್ರಶ್ನೆ ಮಾತ್ರ ಆಗಿತ್ತು. ನೋಟುಪುಸ್ತಕವೂ ಒಂದೇ, ಅದರ ತುಂಬ ತಾನು ಎಲ್ಲಿ, ಯಾಕೆ ತಪ್ಪಿದೆ ಎಂಬ ಒಂದೊಂದು ಸಾಲು. ಅರವತ್ತಾರಕ್ಕೆ ಬಂದು ನಿಂತಿದ್ದೇನೆ, ಸಾಕು, ಹೋಗುತ್ತೇನೆ ಅಂದಳು. ಇವಳು ತನ್ನ ಎಂಬತ್ತೇಳನ್ನು ಹೇಳಿದಾಗ ಆ ಹುಡುಗಿ ಹುಬ್ಬೇರಿಸಿ, ಎಷ್ಟನೇ ಸುತ್ತು ಅಕ್ಕಾ ಅಂತ ಕೇಳಿದಳು. ಮೂರನೇದು ಅಂದಳು ಇವಳು.

ಮರುದಿನ ಒಂದು ಹಾಳೆ ತಂದು ಮುಂದಿಟ್ಟಳು. ದೊಡ್ಡ ಬ್ಯಾಂಕಿನ ಹತ್ತು ಪ್ರಶ್ನೆಗಳನ್ನು ಕೈಯಲ್ಲಿ ಬರೆದಿದ್ದಳು. ಹತ್ತು ನಿಮಿಷದಲ್ಲಿ ಮಾಡಿ ಅಂದಳು. ಇವಳಿಗೆ ಐದೇ ಸಾಕಾಯಿತು. ಮೊದಲನೆಯದು ಹಳೆಯ ಗೆಳೆಯ: ಐವತ್ತೆರಡು ವರ್ಷದ ಟ್ರಕ್ ಚಾಲಕ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನು. ಟ್ರಕ್ ಎಂಬ ಪದ ಕಂಡೊಡನೆ ಕೈ ಮೂರನೆಯ ಉತ್ತರದ ಮಾತ್ರೆಗೆ ಗುರುತು ಹಾಕಿ ಮುಂದಕ್ಕೆ ಹೋಗಿತ್ತು.

ಹತ್ತರಲ್ಲಿ ಏಳು ತಪ್ಪು. ಗುಂಡುಮೆಣಸು ಪ್ರತಿ ಪ್ರಶ್ನೆಯಲ್ಲೂ ಒಂದೊಂದು ಸಾಲು ಬದಲಿಸಿದ್ದಳು. ಈ ಚಾಲಕನಿಗೆ ಎರಡು ವರ್ಷದ ಹಿಂದೆ ಅದೇ ಗುಂಪಿನ ಮಾತ್ರೆ ನುಂಗಿ ನಾಲಿಗೆ, ತುಟಿ ಊದಿಕೊಂಡು ಉಸಿರು ಕಟ್ಟಿತ್ತು. ಹಾಗೆಂದು ನಾಲ್ಕನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇವಳು ಆ ಮಾತ್ರೆಯನ್ನೇ ಬರೆದುಕೊಟ್ಟಿದ್ದಳು.

"ಸತ್ತ ಪಾಪ," ಅಂದಳು ಗುಂಡುಮೆಣಸು, ಹಾಳೆ ಮಡಚುತ್ತ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮಗೆ ಪ್ರಶ್ನೆ ಗೊತ್ತಿಲ್ಲ, ಪ್ರಶ್ನೆಗಳ ಪರಿಚಯ ಇದೆ. ದಾರೀಲಿ ಸಿಕ್ಕರೆ ನಗ್ತೀರಿ, ಅಷ್ಟೇ. ಮನೇಲಿ ಏನಾಗಿದೆ ಅಂತ ಕೇಳಲ್ಲ."

ಅಂದು ಮನೆಗೆ ನಡೆದೇ ಬಂದಳು. ಬಸ್ಸಿನಲ್ಲಿ ಕೂತಿರಲು ಸಾಧ್ಯವಿರಲಿಲ್ಲ. ಅತ್ತೆ ಕೇಳಲಿಲ್ಲ, ಇವಳೇ ಹೇಳಿದಳು, ಬಹುಶಃ ಇನ್ನೊಂದಿಷ್ಟು ಬೈಸಿಕೊಳ್ಳುವ ಆಸೆಯಿಂದ. ಅತ್ತೆ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಕರಡು ತಿದ್ದುವವರಿಗೂ ಇದೇ ರೋಗ ಎಂದರು. ಎರಡು ಸಲ ಓದಿದ ಪುಟವನ್ನು ಮೂರನೆಯ ಸಲ ಕಣ್ಣು ಓದುವುದಿಲ್ಲ, ನೆನಪು ಓದುತ್ತದೆ. ಮುಖಪುಟದಲ್ಲೇ ತಪ್ಪಿದ್ದರೂ ಕಾಣುವುದಿಲ್ಲ. ಅದಕ್ಕೇ ತಾವು ಕೊನೆಯ ಸಲ ಪುಟದ ಬುಡದಿಂದ ಮೇಲಕ್ಕೆ ಓದುತ್ತಿದ್ದುದು. ಇಷ್ಟು ಹೇಳಿ, ಮಗ್ಗುಲಾಗಿ ಮಲಗಿದರು.

ಆ ಮೇಲಿನ ದಿನಗಳಲ್ಲಿ ಅವಳು ಸಣ್ಣ ಬ್ಯಾಂಕನ್ನೂ ನೋಟುಪುಸ್ತಕಗಳನ್ನೂ ಮುಟ್ಟಲಿಲ್ಲ. ದೊಡ್ಡದರಲ್ಲಿ ನಲವತ್ತು ನಲವತ್ತು ಬೆರಕೆ ಪ್ರಶ್ನೆ ತೆಗೆದು, ಕೊನೆಯ ಸಾಲು ಮೊದಲು ಓದಿ, ಆಮೇಲೆ ಬುಡದಿಂದ ಮೇಲೇರಿ, ಉತ್ತರದ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು ಮಾಡಿದಳು. ಅಂಕ ಎಂಬತ್ತೇಳರಿಂದ ಎಪ್ಪತ್ತಕ್ಕೆ ಜಾರಿತು, ಮತ್ತೆ ಅರವತ್ತೆಂಟಕ್ಕೆ. ಒಂದು ರೀತಿಯಲ್ಲಿ ಇದು ಸುಖ, ಕೊನೆಗೂ ಕಣ್ಣು ಓದುತ್ತಿತ್ತು. ಇನ್ನೊಂದು ರೀತಿಯಲ್ಲಿ ಎದೆಯೊಳಗೆ ಇಲಿ ಓಡಾಡಿದಂತೆ. ಯಾವ ಪ್ರಶ್ನೆ ಬಲ್ಲೆ, ಯಾವುದರ ಪರಿಚಯ ಮಾತ್ರ ಎಂದು ಈಗ ಹೇಳುವವರಾರು? ಹೇಳಬಲ್ಲದ್ದು ಒಂದೇ, ಆ ತೆರೆಯದ ಅಣಕು ಪರೀಕ್ಷೆ.

ದಿನಗಳು ಮುಗಿಯುತ್ತ ಬಂದವು. ಪರೀಕ್ಷೆ ಒಂದು ಮಂಗಳವಾರ. ಅದಕ್ಕೆ ಹನ್ನೊಂದು ದಿನ ಮುಂಚಿನ ಶುಕ್ರವಾರ ಸಂಜೆ ಐದರವರೆಗೆ ದಿನಾಂಕ ಬದಲಿಸಲು ಅವಕಾಶ, ಸೀಟು ಖಾಲಿಯಿದ್ದರೆ ಮುಂದಕ್ಕಾಗಲಿ ಹಿಂದಕ್ಕಾಗಲಿ. ಐದು ದಾಟಿತೋ, ಬರೆದರೂ ಒಂದೇ, ಬರೆಯದಿದ್ದರೂ ಒಂದೇ, ಮೂರನೆಯ ಅವಕಾಶ ಮುಗಿದಂತೆ. ಗುರುವಾರ ಲ್ಯಾಬಿಗೆ ರಜೆ ಹಾಕಿದಳು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂತರು; ಇಸ್ತ್ರಿಯವನು ಬಟ್ಟೆ ತಂದಾಗ ಬಾಯಿಗೆ ಬೆರಳಿಟ್ಟು ಕಳಿಸಿದರು. ಐದು ಗಂಟೆ, ಇನ್ನೂರು ಪ್ರಶ್ನೆ. ಒಂದೂ ಪರಿಚಯದ್ದಲ್ಲ. ಮದುವೆಮನೆಗೆ ತಪ್ಪಿ ಬಂದವಳಂತೆ ಮುಖ ಮುಖ ನೋಡುತ್ತ ನಡೆದಳು. ನಡುವೆ ಎಲ್ಲೋ ನೋಡುವುದನ್ನು ಬಿಟ್ಟು ಕೇಳಲು ತೊಡಗಿದಳು. ಯಾವಾಗಿನಿಂದ ನೋವು, ಎಲ್ಲಿ, ಮೊದಲು ಏನು ನುಂಗಿದ್ದಿರಿ.

ಫಲಿತಾಂಶ ಅರವತ್ತೊಂದು. ಪಾಸಿನ ಗೆರೆ ಅರವತ್ತು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ಮೂರು ಅಂಕ ಆಚೀಚೆ ಆಗಬಹುದು ಎಂದಿತ್ತು.

ಗೆದ್ದೆನೆನ್ನುವಂತಿಲ್ಲ, ಸೋತೆನೆನ್ನುವಂತಿಲ್ಲ. ಮನೆಯಲ್ಲಿ ಪಂಚಾಯಿತಿ ನಡೆಯಿತು. ಕೊನೆಯ ಅವಕಾಶ, ಹುಚ್ಚು ಸಾಹಸ ಬೇಡ, ಎರಡು ತಿಂಗಳು ಮುಂದೂಡು ಎಂದು ಗಂಡ ಹೇಳಿದ. ಪರೀಕ್ಷೆಯ ದಿನಕ್ಕೆಂದು ಹಾಕಿದ್ದ ತನ್ನ ರಜೆಯನ್ನು ಆಗಲೇ ಸಹೋದ್ಯೋಗಿಯ ಜೊತೆ ಬದಲಾಯಿಸಿಕೊಂಡು ಬಂದಿದ್ದ, ಅಷ್ಟು ಖಚಿತವಾಗಿತ್ತು ಅವನಿಗೆ ಅವಳ ಸ್ವಭಾವ. ಆಶ್ಚರ್ಯವೆಂದರೆ ಅತ್ತೆಯೂ ಅದನ್ನೇ ಹೇಳಿದರು. ಒಂದು ಅಂಕದ ಮೇಲೆ ಮನೆ ಕಟ್ಟಕ್ಕಾಗಲ್ಲ ಅಂದರು. ಮಾತು ವಿವೇಕದ್ದೇ. ಅವಳೂ ತಲೆಯಾಡಿಸಿದಳು.

ಶುಕ್ರವಾರ ಲ್ಯಾಬಿನಲ್ಲಿ ಮೂರು ಸಲ ಫೋನಿನಲ್ಲಿ ದಿನಾಂಕ ಬದಲಿಸುವ ಪುಟ ತೆರೆದಳು, ಮೂರು ಸಲ ಮುಚ್ಚಿದಳು. ನಾಲ್ಕಕ್ಕೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಒಳಗೆಲ್ಲ ಓಡಾಡಿದಳು. ಗೋಡೆಯ ಮುಂದೆ ನಿಂತು, ಎರಡು ತಿಂಗಳಿಗೆ ಹೊಸ ಕೋಷ್ಟಕ ಹಾಕುವುದಾದರೆ ಮೊದಲ ವಾರ ಯಾವುದೆಂದು ಲೆಕ್ಕ ಹಾಕತೊಡಗಿದಳು. ಹೃದಯ. ಎರಡನೆಯ ವಾರ ಮೂತ್ರಪಿಂಡ. ಆ ಲೆಕ್ಕ ಎಷ್ಟು ಸರಾಗವಾಗಿ, ಎಷ್ಟು ಹಿತವಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು. ಎರಡು ತಿಂಗಳಿಗೆ ದೊಡ್ಡ ಬ್ಯಾಂಕು ಮತ್ತೆ ಎಂಬತ್ತೇಳಾಗುತ್ತದೆ, ಅದೇ ಪರಿಚಯದ ಎಂಬತ್ತೇಳು. ಹನ್ನೊಂದು ದಿನಕ್ಕೂ ಆಗುತ್ತದೆ, ಸ್ವಲ್ಪ ಕಡಿಮೆ.

ನಾಲ್ಕೂ ನಲವತ್ತಕ್ಕೆ ಅತ್ತೆಯ ಎದುರಿಗೆ ಕೂತು ದಿನಾಂಕ ಬದಲಿಸುವ ಗುಂಡಿ ಒತ್ತಿದಳು. ಖಾಲಿ ಸೀಟುಗಳ ಪಟ್ಟಿ ಬಂತು. ಬೆರಳು ಅದರ ಮೇಲೆ ಕೆಳಕ್ಕೆ ಹೋಯಿತು, ಮೇಲಕ್ಕೆ ಬಂತು, ನಿಂತಿತು. ಒತ್ತಿದಳು. ಖಚಿತವೇ ಎಂದು ಕೇಳಿತು. ಅದನ್ನೂ ಒತ್ತಿದಳು.

"ಯಾವತ್ತಿಗೆ ಮಾಡ್ದೆ?" ಎಂದರು ಅತ್ತೆ. ಧ್ವನಿಯಲ್ಲಿ ಚುಚ್ಚು ಇರಲಿಲ್ಲ; ಗೊತ್ತಿರುವುದನ್ನು ಕೇಳುವವರ ಆಯಾಸವಿತ್ತು.

ಅವಳು ಫೋನನ್ನು ಅವರ ಕೈಗೆ ಕೊಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಓದಿದರು. ದಿನಾಂಕದಲ್ಲಿ ಎರಡು ತಿಂಗಳೂ ಇರಲಿಲ್ಲ, ಆ ಮಂಗಳವಾರವೂ ಇರಲಿಲ್ಲ. ಬರುವ ಸೋಮವಾರವಿತ್ತು, ನಡುವೆ ಎರಡೇ ದಿನ.

"ಒತ್ತುವಾಗ ತಪ್ಪಿತಾ?" ಎಂದು ಕೇಳಿದರು. ತಪ್ಪಿದ್ದರೆ ತಿದ್ದಲು ಇನ್ನೂ ಹದಿನೈದು ನಿಮಿಷವಿತ್ತು.

ಇಲ್ಲ ಎಂದು ತಲೆಯಲ್ಲಾಡಿಸಿ, ಅವಳು ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿ ಬಿಟ್ಟಳು. ಫೋನು ಅತ್ತೆಯ ಮಡಿಲಲ್ಲೇ ಇತ್ತು. ಐದು ಹೊಡೆಯುವವರೆಗೆ ಅವಳು ಅದನ್ನು ವಾಪಸು ಕೇಳಲಿಲ್ಲ.