ಬೀಗ ಹಾಕಿದ ಬಾತ್‌ರೂಮು

ಆ ಮನೆಯಲ್ಲಿ ತಾವು ನಾಲ್ವರಲ್ಲದೆ ಇನ್ನೂ ಯಾರೋ ಇದ್ದಾರೆ ಎಂಬುದು ಸೊಸೆಗೆ ಬಂದ ವಾರದಲ್ಲೇ ತಿಳಿಯಿತು. ಅವರಿಗೆ ಮನೆಯವರು ಇಟ್ಟ ಹೆಸರು ‘ಕೊಳ್ಳೋರು’. ಅವರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೂ ಮನೆಯಲ್ಲಿ ಒಂದು ಹುಲ್ಲುಕಡ್ಡಿ ಅಲುಗಬೇಕಾದರೆ ಅವರ ಒಪ್ಪಿಗೆ ಬೇಕಿತ್ತು.

ತವರಿನಿಂದ ತಂದ ಗಡಿಯಾರ ತೂಗುಹಾಕಲು ಅವಳು ಒಂದು ಮೊಳೆ ಕೇಳಿದಳು. ಮಾವ ಹಾವು ತುಳಿದವರಂತೆ ಬೆಚ್ಚಿದರು. “ಮೊಳೆ ಹೊಡೀಬಾರದಮ್ಮ. ಗೋಡೇಲಿ ತೂತು ಕಂಡ್ರೆ ಕೊಳ್ಳೋರು ಮುಖ ಸಿಂಡರಿಸ್ತಾರೆ.” ಗಡಿಯಾರ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ಕೂತಿತು. ಗೋಡೆಗಳಿಗೆಲ್ಲ ಕೆನೆ ಬಣ್ಣ. ಅತ್ತೆಗೆ ಇಷ್ಟವಾದದ್ದು ಗಿಳಿಹಸಿರು, ಆದರೆ ಕೊಳ್ಳೋರಿಗೆ ಗಿಳಿಹಸಿರು ಹಿಡಿಸದೆ ಹೋದರೆ ಏನು ಗತಿ? ಮುಂಬಾಗಿಲಿಗೆ ಪಾಲಿಶ್ ಮಾಡಿಸಿ ಹಿತ್ತಾಳೆಯ ಹಿಡಿ ಹಾಕಿಸಿದ ಮೇಲಂತೂ ಮನೆಯವರೆಲ್ಲ ಪಕ್ಕದ ಓಣಿಯ ಬಾಗಿಲಲ್ಲೇ ಓಡಾಡುತ್ತಿದ್ದರು. “ಮೊದಲ ದಿನ ನಿನ್ನನ್ನು ಮುಂಬಾಗಿಲಲ್ಲಿ ಒಳಗೆ ಬಿಟ್ಟಿದ್ದೇ ದೊಡ್ಡ ಮರ್ಯಾದೆ ಅಂದ್ಕೋ” ಎಂದು ಗಂಡ ನಕ್ಕ. ಅವನು ಹುಟ್ಟಿದಾಗಿನಿಂದ ಇದನ್ನು ನೋಡಿದವನು, ನಗುವುದು ಬಿಟ್ಟರೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ಮಾವ ಲಿಫ್ಟ್ ರಿಪೇರಿ ಮಾಡುವವರು. ಪೇಟೆಯ ದೊಡ್ಡ ಕಟ್ಟಡಗಳಲ್ಲಿ ‘ಲಿಫ್ಟಣ್ಣ’ ಬಂದರೆಂದರೆ ಕಾವಲಿನವರು ಎದ್ದು ಗೇಟು ತೆಗೆಯುತ್ತಿದ್ದರು. ಜಗತ್ತನ್ನೆಲ್ಲ ಮೇಲಕ್ಕೆ ಹತ್ತಿಸಿದ ಮನುಷ್ಯನ ಸ್ವಂತ ಮನೆ ಮಾತ್ರ ಒಂದೇ ಅಂತಸ್ತಿನದು, ಸಾಲುಮನೆಗಳ ನಡುವೆ ಉಸಿರು ಬಿಗಿಹಿಡಿದು ನಿಂತದ್ದು. ಆ ಮನೆಯನ್ನು ಒಳ್ಳೆಯ ಬೆಲೆಗೆ ಮಾರಬೇಕು ಎಂಬ ಒಂದೇ ಜಪದಲ್ಲಿ ಅವರ ಕೂದಲು ನೆರೆತಿತ್ತು.

ಏಕೆ ಮಾರಬೇಕು ಎಂದು ಸೊಸೆ ಒಮ್ಮೆ ಅತ್ತೆಯನ್ನು ಕೇಳಿದಳು. ಅತ್ತೆ ಬಟ್ಟೆ ಮಡಚುತ್ತಲೇ ಹೇಳಿದರು. ಅತ್ತೆಗೆ ಒಬ್ಬ ಅಕ್ಕ. ತಾಯಿ ಹೋದ ಮೇಲೆ ತಂಗಿಯನ್ನು ಎತ್ತಿ ಆಡಿಸಿ ತುತ್ತು ಹಾಕಿ ಬೆಳೆಸಿದವಳು ಅವಳೇ. ಈಗ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಬಸ್ಸು ಬದಲಿಸಿ ಹೋಗುವಷ್ಟು ದೂರ. ಮದುವೆಯಾದ ಹೊಸದರಲ್ಲಿ ಅತ್ತೆ ಅಕ್ಕನನ್ನು ನೆನೆದು ಅತ್ತಾಗ ಮಾವ, “ಅಳಬೇಡ ಕಣೇ, ನಿನ್ನ ಅಕ್ಕನ ಬೀದೀಲೇ ಮನೆ ಮಾಡ್ತೀನಿ” ಎಂದುಬಿಟ್ಟರು. ಆ ಬೀದಿಯ ಮನೆಗಳು ದುಬಾರಿ. ಅಲ್ಲಿಗೆ ಹೋಗಬೇಕಾದರೆ ಈ ಮನೆಗೆ ಬೆಲೆ ಬರಬೇಕು. ಬೆಲೆ ಬರಬೇಕಾದರೆ ಕೊಳ್ಳೋರಿಗೆ ಹಿಡಿಸಬೇಕು.

ಸೊಸೆ ಮೂಗಿನ ಮೇಲೆ ಬೆರಳಿಟ್ಟಳು. ಹೊಸ ಹೆಂಡತಿಯ ಕಣ್ಣೊರೆಸಲು ಆಡಿದ ಮಾತನ್ನು ಬೇರೆ ಗಂಡಸರು ಕಣ್ಣೀರು ಒಣಗುವ ಮೊದಲೇ ಮರೆತಿರುತ್ತಾರೆ. ಈ ಮನುಷ್ಯ ಅದನ್ನು ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆ. ಅಲ್ಲಿಯವರೆಗೆ ಅವಳಿಗೆ ಮಾವನ ಮೇಲಿದ್ದ ಸಿಡಿಮಿಡಿ ಆ ದಿನ ಬೆರಗಾಯಿತು. ಗಡಿಯಾರದ ವಿಷಯ ಮತ್ತೆ ಎತ್ತಲಿಲ್ಲ.

ಆದರೆ ನಿಜವಾದ ಬೆರಗು ಇನ್ನೂ ಬೀಗದೊಳಗಿತ್ತು.

ಭಾನುವಾರ ಬೆಳಗ್ಗೆ ಅತ್ತೆ ಚಹಾಪುಡಿ ಡಬ್ಬಿಯ ಹಿಂದಿನಿಂದ ಒಂದು ಕೀ ತೆಗೆದು ನಡುಮನೆಯ ಮೂಲೆಯ ಬಾಗಿಲು ತೆರೆದರು. ಸೊಸೆ ಅದನ್ನು ಹಳೇ ಸಾಮಾನಿನ ಕೋಣೆ ಎಂದುಕೊಂಡಿದ್ದಳು. ಒಳಗೆ ಬಗ್ಗಿ ನೋಡಿದವಳು ರೆಪ್ಪೆ ಬಡಿಯುವುದನ್ನೇ ಮರೆತಳು. ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸು. ಮೇಲಿನ ಗಾಜಿನಿಂದ ಇಳಿದ ಬಿಸಿಲು ಗೋಡೆಯಿಂದ ಗೋಡೆಗೆ ಹಾಯ್ದು ಇಡೀ ಕೋಣೆಯನ್ನು ಹಾಲಿನಲ್ಲಿ ಅದ್ದಿದಂತೆ ಕಾಣಿಸುತ್ತಿತ್ತು. ಕಮೋಡಿನ ಮುಚ್ಚಳದ ಪ್ಲಾಸ್ಟಿಕ್ ಹರಿದಿರಲಿಲ್ಲ. ನಲ್ಲಿಗಳ ಕತ್ತಿನಲ್ಲಿ ಕಂಪನಿಯ ಚೀಟಿ ಹಾಗೇ ತೂಗುತ್ತಿತ್ತು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯುವಷ್ಟಿತ್ತು. ಅತ್ತೆ ಒಣಬಟ್ಟೆಯಿಂದ ಒಂದೊಂದು ಟೈಲ್ಸನ್ನೂ ಕೂಸಿನ ಮುಖ ಒರೆಸಿದ ಹಾಗೆ ಒರೆಸಿದರು. ನೀರು ಮುಟ್ಟಿಸುವಂತಿಲ್ಲ, ಕಲೆ ನಿಲ್ಲುತ್ತದಲ್ಲ.

“ಅತ್ತೆ, ಇಲ್ಲಿ ಸ್ನಾನ ಮಾಡೋರು ಯಾರು?”

“ಕೊಳ್ಳೋರು” ಎಂದರು ಅತ್ತೆ, ಪಕ್ಕದ ಮನೆಯವರ ಹೆಸರು ಹೇಳಿದಷ್ಟು ಸಲೀಸಾಗಿ.

ಅಷ್ಟರಲ್ಲಿ ಮಾವ ಬಂದು ನಿಂತರು. ಬಾತ್‌ರೂಮಿನ ಮಾತೆಂದರೆ ಅವರಿಗೆ ಎಲ್ಲಿದ್ದರೂ ಕಿವಿ ನೆಟ್ಟಗಾಗುತ್ತಿತ್ತು. “ನೋಡಮ್ಮ, ಕೆಲಸದ ಮೇಲೆ ಎಷ್ಟು ಮನೆ ಹೊಕ್ಕಿದೀನೋ ಲೆಕ್ಕವಿಲ್ಲ. ಮನೆ ನೋಡೋಕೆ ಬಂದೋರು ಹಾಲಲ್ಲಿ ಸುಮ್ನೆ ತಲೆಯಾಡಿಸ್ತಾರೆ. ಅಡುಗೆಮನೇಲಿ ಒಂದೆರಡು ಮಾತಾಡ್ತಾರೆ. ಬಾತ್‌ರೂಮ್ ಬಾಗಿಲು ತೆಗೆದಾಗ ಗಂಡ ಹೆಂಡತಿ ಮುಖ ಮುಖ ನೋಡ್ಕೋತಾರೆ. ಬೆಲೆ ತೀರ್ಮಾನ ಆಗೋದು ಅಲ್ಲೇ. ಮೇಲೊಂದು ರೂಮು ಎಬ್ಬಿಸು ಅಂತ ಎಲ್ಲರೂ ತಲೆ ತಿಂದ್ರು. ರೂಮಿಗೆ ಹಾಕಿದ ದುಡ್ಡು ಹುಟ್ಟೋದಿಲ್ಲ. ಇದಕ್ಕೆ ಹಾಕಿದ್ದು ಎದ್ದು ಬರುತ್ತೆ.”

ಆಮೇಲೆ ಅವರು ಕೈ ಚಾಚಿ, ದನಿ ಬದಲಿಸಿ, ಕೊಳ್ಳೋರಿಗೆಂದು ಕಟ್ಟಿಟ್ಟ ಮಾತನ್ನೆಲ್ಲ ಅವಳ ಮುಂದೆ ಒಪ್ಪಿಸಿದರು. “ಬನ್ನಿ ಅಮ್ಮಾ, ಒಳಗೆ ಬನ್ನಿ. ಇದು ಜಾರದ ಟೈಲ್ಸು. ಇದು ಬಿಸಿನೀರು, ಇದು ತಣ್ಣೀರು. ಇಲ್ಲಿ ಹಿಡ್ಕೊಳ್ಳೋಕೆ ಸ್ಟೀಲಿನ ಕಂಬಿ ಇದೆ. ಮನೇಲಿ ವಯಸ್ಸಾದವರಿದ್ರೆ ಇದಕ್ಕೆ ಬೆಲೆ ಕಟ್ಟೋಕಾಗಲ್ಲ.”

ಸೊಸೆ ಕಂಬಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅತ್ತೆ ನೆಲ ಒರೆಸಿ ಗೋಡೆ ಹಿಡಿದು ಹಲ್ಲು ಕಚ್ಚಿ ಮೇಲೇಳುತ್ತಿದ್ದರು. ಕಂಬಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು, ಅವರು ಮುಟ್ಟಲಿಲ್ಲ.

ಮನೆಯವರ ಸ್ನಾನವೆಲ್ಲ ಹಿತ್ತಲ ಬಚ್ಚಲಲ್ಲಿ. ಅಲ್ಲಿಗೆ ಹೋಗಲು ಪಾಚಿಗಟ್ಟಿದ ಮೆಟ್ಟಿಲಿಳಿಯಬೇಕು. ಸೊಸೆ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ಅತ್ತೆಯ ಮಂಡಿನೋವಿಗೆ ಮುಲಾಮು ತಿಂಗಳು ತಿಂಗಳೂ ತಂದುಕೊಡುತ್ತಿದ್ದಳು. ಅದರಿಂದ ಮನೆಯಲ್ಲಿ ಘಮ ಬಂತೇ ಹೊರತು ಮಂಡಿಗೆ ಸುಖ ಬರಲಿಲ್ಲ. ಒಂದು ಸಲ ಅತ್ತೆ ಆ ಮೆಟ್ಟಿಲ ಮೇಲೆ ಜಾರಿ, ಬಾಗಿಲ ಚೌಕಟ್ಟು ಸಿಕ್ಕಿದ್ದರಿಂದ ಬಚಾವಾದರು. ಸೊಸೆ ಓಡಿಬಂದು ಅವರ ತೋಳು ಹಿಡಿದಳು.

“ಇನ್ಮೇಲೆ ಒಳಗಿನ ಬಾತ್‌ರೂಮಲ್ಲೇ ಸ್ನಾನ ಮಾಡಿ ಅತ್ತೆ. ಮಾವನ ಹತ್ರ ನಾನು ಮಾತಾಡ್ತೀನಿ.”

“ಬೇಡ” ಎಂದರು ಅತ್ತೆ. ಅವರ ದನಿ ಅಷ್ಟು ಗಡುಸಾದದ್ದನ್ನು ಅವಳು ಕೇಳಿರಲಿಲ್ಲ. “ಅವರು ಇಷ್ಟೆಲ್ಲ ಮಾಡಿರೋದು ಯಾರಿಗೋಸ್ಕರ? ನನಗೋಸ್ಕರ ತಾನೇ? ಅದನ್ನ ನಾನೇ ಹಾಳು ಮಾಡ್ಲಾ?”

ಹೆಂಡತಿಗಾಗಿ ಗಂಡ ಬೀಗ ಹಾಕಿದ್ದಾನೆ, ಗಂಡನಿಗಾಗಿ ಹೆಂಡತಿ ಅದನ್ನು ಕಾಯುತ್ತಿದ್ದಾಳೆ. ಇಬ್ಬರಲ್ಲಿ ಯಾರನ್ನು ಬೈಯುವುದು? ಇಂಥ ಜೋಡಿಯನ್ನು ಕಂಡು ನಗಬೇಕೋ ಕೈಮುಗಿಯಬೇಕೋ ಎಂದು ಅವಳು ಅಂಗಡಿಯ ಕೌಂಟರಿನ ಹಿಂದೆ ನಿಂತು ಎಷ್ಟೋ ಸಲ ಯೋಚಿಸಿದ್ದುಂಟು.

ಆ ದಿನಗಳಲ್ಲೇ ಮಾವನಿಗೆ ಯಾವುದೋ ಕಟ್ಟಡದ ಮ್ಯಾನೇಜರು ಫೋನ್ ಮಾಡಿದ. ಜನ ಇನ್ನೂ ಬಂದು ಸೇರದ ಹೊಸ ಕಟ್ಟಡ, ಲಿಫ್ಟ್ ಹೊಸದಾಗಿರಲೆಂದು ಆರಿಸಿ ಇಟ್ಟಿದ್ದರಂತೆ, ಈಗ ನೋಡಿದರೆ ಜಪ್ಪಯ್ಯ ಎಂದರೂ ಮೇಲೇಳುತ್ತಿಲ್ಲವಂತೆ. ಮಾವ ರೇಗಿದರು. “ಸುಮ್ನೆ ನಿಲ್ಸಿಟ್ರೆ ಕೆಡದೆ ಇನ್ನೇನಾಗುತ್ತೆ ಸಾರ್? ಯಾರೂ ಹತ್ತದೇ ಇದ್ರೂ ದಿನಾ ಮೇಲೆ ಕೆಳಗೆ ಓಡಿಸಿ. ಓಡ್ತಾ ಇದ್ರೇನೇ ಅದು ಲಿಫ್ಟು.” ತಟ್ಟೆ ತೊಳೆಯುತ್ತಿದ್ದ ಸೊಸೆಗೆ ಆ ಮಾತು ಯಾಕೋ ಕಿವಿಯಲ್ಲೇ ಉಳಿಯಿತು.

ಕೊನೆಗೂ ಒಂದು ದಿನ ಕೊಳ್ಳೋರು ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಅಕ್ಕನ ಎದುರುಮನೆ ಮಾರಾಟಕ್ಕಿದೆ ಎಂದು ಅದೇ ವಾರ ಸುದ್ದಿ ಬಂದಿದ್ದರಿಂದ ಅತ್ತೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮುಂಬಾಗಿಲು ಹಾರು ಹೊಡೆದು ತೆರೆಯಿತು. ಬಂದವರು ಹಾಲಲ್ಲಿ ತಲೆಯಾಡಿಸಿದರು, ಅಡುಗೆಮನೆಯಲ್ಲಿ ಒಂದೆರಡು ಮಾತಾಡಿದರು. ಎಲ್ಲ ಮಾವ ಹೇಳಿದಂತೆಯೇ ನಡೆಯುತ್ತಿದ್ದದ್ದು ಕಂಡು ಸೊಸೆ ದಂಗಾದಳು. ಮೂಲೆಯ ಬಾಗಿಲು ತೆರೆದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು ಕೂಡ.

“ಬನ್ನಿ ಅಮ್ಮಾ, ಒಳಗೆ ಬನ್ನಿ” ಎಂದು ಮಾವ ಶುರುಮಾಡಿದರು. ಆಕೆ ಬಂದರು, ಬಿಸಿನೀರಿನ ನಲ್ಲಿಗೆ ಕೈ ಹಾಕಿದರು. ಅದು ತಿರುಗಲಿಲ್ಲ. ಆಕೆಯ ಗಂಡ ಬಲಹಾಕಿ ತಿರುಗಿಸಿದರು. ಒಳಗೆಲ್ಲೋ ಗೊರಗೊರ ಸದ್ದಾಯಿತು. ಕೆಂಪು ತುಕ್ಕುನೀರು ಭುಸ್ಸೆಂದು ಆಕೆಯ ಬಟ್ಟೆಗೆ ಹಾರಿತು, ಹಿಂದೆಯೇ ನಲ್ಲಿಯ ಬುಡದಿಂದ ಗೋಡೆಗೆ ಚಿಮ್ಮಿತು. ನೀರಿಲ್ಲದೆ ಒಣಗಿಹೋಗಿದ್ದ ಚರಂಡಿ ಕೊಳವೆಯಿಂದ, ಇಷ್ಟು ದಿನ ನುಸಿಗುಳಿಗೆ ಮುಚ್ಚಿಟ್ಟಿದ್ದ ವಾಸನೆಯೂ ಮೇಲೆದ್ದಿತು. ಮಾವ ಓಡಿಹೋಗಿ ವಾಲ್ವ್ ಮುಚ್ಚಿ ಬರುವಷ್ಟರಲ್ಲಿ ಬಿಳಿ ಟೈಲ್ಸಿನ ಮೇಲೆಲ್ಲ ಕೆಂಪು ಇಳಿದಿತ್ತು.

“ಮನೆ ಚೆನ್ನಾಗಿದೆ” ಎಂದರು ಆಕೆ, ಬಟ್ಟೆ ಒರೆಸಿಕೊಳ್ಳುತ್ತ. ಒಳ್ಳೆಯ ಹೆಂಗಸು. “ಯೋಚ್ನೆ ಮಾಡಿ ಹೇಳ್ತೀವಿ.”

ಯೋಚಿಸಿ ಹೇಳುತ್ತೇವೆ ಎಂದವರು ತಿರುಗಿ ಬರುವುದಿಲ್ಲ ಎಂಬುದು ಅಂಗಡಿಯಲ್ಲಿ ನಿಂತು ರೂಢಿಯಿದ್ದ ಸೊಸೆಗೆ ಚೆನ್ನಾಗಿ ಗೊತ್ತು.

ಮಾವ ಬಾತ್‌ರೂಮಿನ ಹೊಸ್ತಿಲ ಮೇಲೆ ಕೂತುಬಿಟ್ಟರು. ಅತ್ತೆ ಒಣಬಟ್ಟೆ ತಂದು ಒರೆಸತೊಡಗಿದರು. ಆಡಬಾರದೆಂದುಕೊಂಡರೂ ಸೊಸೆಯ ಬಾಯಿಗೆ ಮಾತು ಬಂತು.

“ಮಾವ, ಮೊನ್ನೆ ಆ ಖಾಲಿ ಬಿಲ್ಡಿಂಗಿನವರಿಗೆ ಫೋನಲ್ಲಿ ಏನು ಹೇಳಿದ್ರಿ?”

ಮಾವ ತಲೆಯೆತ್ತಿ ಅವಳನ್ನು ನೋಡಿದರು. ಸಿಟ್ಟು ಬರಬಹುದೆಂದು ಅವಳು ಕಾದಳು. ಅವರು ನೋಡಿದ್ದು ಅವಳನ್ನು ದಾಟಿ, ಗೋಡೆ ಹಿಡಿದು ಮೇಲೇಳುತ್ತಿದ್ದ ಅತ್ತೆಯನ್ನು.

“ಓಡಿಸಿ ಅಂದಿದ್ದೆ” ಎಂದರು.

ಮರುದಿನ ಮಾವ ಕೆಲಸಕ್ಕೆ ಹೋಗಲಿಲ್ಲ. ಜ್ವರ ಬಂದರೂ ರಜೆ ಹಾಕದವರು ಅಂದು ಸ್ಪ್ಯಾನರು, ಹೊಸ ವಾಷರು, ಪೈಪು ಹರಡಿಕೊಂಡು ಬಾತ್‌ರೂಮಿನೊಳಗೆ ಬೋರಲಾದರು. ಲಿಫ್ಟಿನ ಕೈ ಅದು, ನಲ್ಲಿಗೆ ಹೆದರೀತೆ? ನಲ್ಲಿಗಳ ಕತ್ತಿನ ಚೀಟಿ ಕಿತ್ತರು, ಕಮೋಡಿನ ಪ್ಲಾಸ್ಟಿಕ್ ಹರಿದರು, ಹೊತ್ತು ನೆತ್ತಿಗೇರುವವರೆಗೂ ನೀರು ಬಿಟ್ಟು ಬಿಟ್ಟು ತೊಳೆದರು. ಎಲ್ಲ ಮುಗಿದ ಮೇಲೆ ಸ್ಕ್ರೂ ಬಿಚ್ಚಿ ಬಾಗಿಲಿನ ಹೊರಗಿನ ಚಿಲಕವನ್ನೂ ಬೀಗವನ್ನೂ ತೆಗೆದು ಹಳೇ ಕಬ್ಬಿಣದ ಡಬ್ಬಕ್ಕೆ ಹಾಕಿದರು.

ಆಮೇಲೆ ಬಾಗಿಲ ಪಕ್ಕ ನಿಂತು ಅಂಗಿ ಎಳೆದುಕೊಂಡು ಕರೆದರು. “ಬನ್ನಿ ಅಮ್ಮಾ, ಒಳಗೆ ಬನ್ನಿ.”

ಅತ್ತೆ ಬೆನ್ನ ಹಿಂದೆ ತಿರುಗಿ ನೋಡಿದರು, ಮತ್ತಾರೋ ಕೊಳ್ಳೋರು ಬಂದರೇನೋ ಎಂದು. ಯಾರೂ ಇರಲಿಲ್ಲ.

“ನಿಮಗೇ ಹೇಳಿದ್ದು. ಬನ್ನಿ. ಇದು ಜಾರದ ಟೈಲ್ಸು. ಇದು ಬಿಸಿನೀರು, ಇದು ತಣ್ಣೀರು.”

ಅತ್ತೆಗೆ ಅರ್ಥವಾಯಿತು. ನಾಚಿಕೆಯೂ ಆಯಿತು, ಸೊಸೆ ಅಲ್ಲೇ ನಿಂತಿದ್ದಳಲ್ಲ. ಆದರೂ ಹೆಜ್ಜೆಯಿಟ್ಟು ಒಳಗೆ ಹೋದರು.

“ಇಲ್ಲಿ ಹಿಡ್ಕೊಳ್ಳೋಕೆ ಸ್ಟೀಲಿನ ಕಂಬಿ ಇದೆ. ಮನೇಲಿ ವಯಸ್ಸಾದವರಿದ್ರೆ...”

ಅತ್ತೆ ಕಂಬಿ ಹಿಡಿದರು. ತಮ್ಮ ಕೈಯಿಂದಲೇ ಇಷ್ಟು ವರ್ಷ ಹೊಳಪು ಕೊಟ್ಟ ಕಂಬಿಯ ಮೇಲೆ ಮೊದಲ ಸಲ ಮೈಭಾರ ಹಾಕಿದರು. ಕಂಬಿ ಅಲುಗಲಿಲ್ಲ. “ಗಟ್ಟಿಯಾಗಿದೆ” ಎಂದರು. ಆಮೇಲೆ ಗತ್ತಿನಿಂದ ಕೇಳಿದರು, “ಬೆಲೆ ಏನು ಹೇಳ್ತೀರಿ?”

ಆ ಪ್ರಶ್ನೆಯ ಉತ್ತರ ಮಾವನಿಗೆ ಬಾಯಿಪಾಠ. ಎಷ್ಟು ಹೇಳಬೇಕು, ಎಷ್ಟಕ್ಕೆ ಇಳಿಯಬೇಕು, ಯಾವಾಗ ತಲೆ ಕೆರೆಯಬೇಕು, ಎಲ್ಲವೂ ತಯಾರಿತ್ತು. ಆದರೆ ಅವರು ಹೆಗಲ ಮೇಲಿದ್ದ ಟವೆಲನ್ನು ಅತ್ತೆಯ ಕೈಗಿಟ್ಟು ಬಾಗಿಲೆಳೆದುಕೊಂಡು ಹೊರಗೆ ಬಂದರು.

ಒಳಗೆ ನೀರು ಬೀಳತೊಡಗಿತು. ಬಚ್ಚಲಲ್ಲಿ ಅತ್ತೆಯ ಸ್ನಾನವೆಂದರೆ ಅವಸರದ ನಾಲ್ಕು ಚೊಂಬು. ಇಂದು ನೀರು ಬೀಳುತ್ತಲೇ ಇತ್ತು. ನಡುವೆ ಸಣ್ಣಗೆ ಗುನುಗುವ ಸದ್ದು ಕೇಳಿತು, ಅತ್ತೆಗೆ ಗುನುಗುವ ಅಭ್ಯಾಸವಿದೆಯೆಂದೇ ಸೊಸೆಗೆ ಗೊತ್ತಿರಲಿಲ್ಲ. ಮಾವ ಗೋಡೆಗೆ ಒರಗಿ ನೆಲದ ಮೇಲೆ ಕೂತು ಕೇಳುತ್ತಿದ್ದರು. ತಮ್ಮ ಕೈಯಾರೆ ಕಟ್ಟಿಸಿದ್ದರೂ ಅದರೊಳಗೆ ಇಂಥದ್ದೊಂದು ಇದೆಯೆಂದು ಈವರೆಗೆ ತಿಳಿಯದವರ ಹಾಗೆ ಅವರ ಕಣ್ಣು ಅರಳಿತ್ತು. ಸೊಸೆ ಸದ್ದಾಗದಂತೆ ಅಡುಗೆಮನೆಗೆ ಸರಿದಳು.

ಅಲ್ಲಿಂದ ಮನೆಯ ರೀತಿಯೇ ಬದಲಾಯಿತು. ಎಲ್ಲರೂ ಮುಂಬಾಗಿಲಲ್ಲಿ ಓಡಾಡಿದರು. ಮಾವ ತಾವೇ ಮೊಳೆ ಹೊಡೆಯಲು ಬಂದರು, ಸೊಸೆಯೇ ಬೇಡವೆಂದಳು, ಫ್ರಿಜ್ಜಿನ ಮೇಲಿನ ಗಡಿಯಾರ ಅವಳಿಗೆ ರೂಢಿಯಾಗಿತ್ತು. ಬೇರೆ ಕೊಳ್ಳೋರು ಬಂದದ್ದು ಎಷ್ಟೋ ವಾರಗಳ ಮೇಲೆ. ಹೊಲಿಗೆ ಕೆಲಸದ ಒಬ್ಬ ಹೆಂಗಸು, ಜೊತೆಗೆ ಕೋಲೂರುವ ಅವಳ ತಾಯಿ. ಅಕ್ಕನ ಎದುರುಮನೆ ಇನ್ನೂ ಯಾರ ಪಾಲೂ ಆಗಿರಲಿಲ್ಲ, ಅದೇ ಪುಣ್ಯ. ಮಾವ ಕೈ ಚಾಚುವ ಮೊದಲೇ, ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದ ಅತ್ತೆ ಆ ಅಜ್ಜಿಯ ಕೈ ಹಿಡಿದು ಒಳಗೆ ಕರೆದೊಯ್ದರು. ನೆಲ ಒದ್ದೆಯಿತ್ತು, ಕನ್ನಡಿ ಮಂಜಾಗಿತ್ತು, ಗೂಡಿನಲ್ಲಿ ಸವೆದ ಸೋಪಿತ್ತು. “ಹಿಡ್ಕೊಂಡು ಕೂತು ನೋಡಿ. ನಾನೂ ಹೀಗೇ ಏಳೋದು” ಎಂದರು ಅತ್ತೆ. ಅಜ್ಜಿ ಕಂಬಿ ಹಿಡಿದು ಕೂತರು, ಎದ್ದರು, ಇನ್ನೊಮ್ಮೆ ಕೂತು ಎದ್ದರು.

“ಇನ್ಯಾವ ಮನೇನೂ ನೋಡೋದು ಬೇಡ ಕಣೇ” ಎಂದರು ಮಗಳಿಗೆ.

ಸಾಮಾನೆಲ್ಲ ಗಾಡಿಗೇರಿದ ದಿನ ಹೊಲಿಗೆಯವಳು ಮನೆಯನ್ನು ಇನ್ನೊಂದು ಸುತ್ತು ನೋಡಿದಳು. ಇಡೀ ಮನೆಯಲ್ಲಿ ಒಂದು ತೂತಿಲ್ಲ ಎಂದು ಬೆರಗಾಗಿ ಬಾತ್‌ರೂಮಿನ ಬಾಗಿಲ ಮುಂದೆ ನಿಂತಳು. ಅಲ್ಲಿ ಸ್ಕ್ರೂ ಬಿಚ್ಚಿದ ತೂತುಗಳಿದ್ದವು.

“ಇಲ್ಲೇನಿತ್ತು ಅಣ್ಣ?”

ಮಾವ ಆ ತೂತುಗಳ ಮೇಲೆ ಬೆರಳಾಡಿಸಿದರು. “ಬೀಗ ಇತ್ತಮ್ಮ. ಒಬ್ಬರು ಬರ್ತಾರೆ ಅಂತ ಕಾಯ್ತಾ ಇದ್ದೆ. ಅವರು ಮೊದಲಿಂದ ಮನೇಲೇ ಇದ್ರು, ನಾನೇ ನೋಡಿರಲಿಲ್ಲ.”

ಗಾಡಿಯಲ್ಲಿ ಗಡಿಯಾರ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. “ಬೇಗ ಬನ್ರೀ. ಅಕ್ಕ ಬಾಗಿಲಲ್ಲೇ ನಿಂತಿರ್ತಾಳೆ.”